ಪದಚರ್ಚೆ: ‘ಟುಟು’ – ಬ್ಯಾಲೆ ಉಡುಪಿಗೆ ‘ಲಂಗ’ ಅಂದರೆ ಸಾಕೇ?

ಗೆಳೆಯರೇ,

ಯುರೋಪಿನ ಬ್ಯಾಲೆ ಕುಣಿತದ ಚರಿತ್ರೆ ಹೇಳುವ ಒಂದು ಬರಹವನ್ನು ಹೈಸ್ಕೂಲ್ ಮಕ್ಕಳಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಟುಟು’ ಎಂಬ ಪದ ಮತ್ತೆ ಮತ್ತೆ ಬರುತ್ತದೆ; ಬ್ಯಾಲೆ ಕುಣಿತಗಾರ್ತಿಯರು ತೊಡುವ, ತೆಳು ಬಟ್ಟೆಯ ಪದರಗಳ ಉಡುಪು ಅದು. ಅದನ್ನು ಹಾಗೇ ಉಳಿಸಿಕೊಳ್ಳೋಣವೇ, ‘ಲಂಗ’ ಅನ್ನೋಣವೇ, ಇಲ್ಲಾ ಹೊಸದೊಂದು ಪದ ಕಟ್ಟೋಣವೇ? ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಉಡುಪು ಹಳೆಯದು, ಹೆಸರು ಅದಕ್ಕಿಂತ ತುಂಬಾ ಹೊಸದು. ಹಾಗಾಗಿ ಹತ್ತೊಂಬತ್ತನೇ ಶತಮಾನದ ಮೊದಲ ಭಾಗದ ಮಾತು ಬಂದಾಗ ‘ಲಂಗ’ ಅಂತಲೇ ಬರೆಯಬೇಕು. 1880ರ ದಶಕದಿಂದ ಈಚೆಗೆ ‘ಟುಟು’ ಅನ್ನಬೇಕು. ಇದಕ್ಕೆ ನನ್ನ ಕಾರಣಗಳು ಹೀಗಿವೆ.

ಬ್ಯಾಲೆ ಗೊತ್ತಿರುವವರು ‘ರೊಮ್ಯಾಂಟಿಕ್ ಟುಟು’ (ಉದ್ದ ಲಂಗದ ಬಗೆ) ಅಂದ ಕೂಡಲೇ ಒಂದು ದಿನವನ್ನು ನೆನೆಯುತ್ತಾರೆ. 1832ರ ಮಾರ್ಚ್ 12, ಪ್ಯಾರಿಸ್ ಒಪೆರಾ. ಕುಣಿತಗಾರ್ತಿ ಮರೀ ತಾಲ್ಯೋನಿ ‘ಲ ಸಿಲ್ಫೀಡ್’ ಬ್ಯಾಲೆಯಲ್ಲಿ ಗಾಳಿಯ ಕನ್ನೆಯಾಗಿ ರಂಗಕ್ಕೆ ಬಂದಳು. ಕುಣಿತ ಕಟ್ಟಿದ್ದು ಅವಳ ತಂದೆ ಫಿಲಿಪ್ಪೋ. ಉಡುಪನ್ನು ರೂಪಿಸಿದ್ದು ಯೂಜೀನ್ ಲಾಮಿ ಎಂದು ಹೇಳುತ್ತಾರೆ. ಬಿಗಿಯಾದ ರವಿಕೆ, ಸೊಂಟದಿಂದ ಗಂಟೆಯ ಹಾಗೆ ಅರಳಿ ಮೀನಖಂಡದವರೆಗೆ ಇಳಿಯುವ ತೆಳು ಬಟ್ಟೆಯ ಬಿಳಿ ಲಂಗ. ಒಪೆರಾಕ್ಕೆ ಗ್ಯಾಸ್ ದೀಪ ಬಂದು ಆಗಿನ್ನೂ ಹತ್ತು ವರ್ಷ. ಆ ಬೆಳಕಿನಲ್ಲಿ ಪದರ ಪದರದ ಬಿಳಿ ಬಟ್ಟೆ ಮಂಜಿನ ಹಾಗೆ ಕಾಣುತ್ತಿತ್ತು. ತುದಿಗಾಲಿನ ಮೇಲೆ ನಿಂತವಳು ನೆಲ ಮುಟ್ಟಿಯೇ ಇಲ್ಲ ಅನ್ನಿಸುವಂತೆ ಮಾಡಲು ಇದಕ್ಕಿಂತ ಒಳ್ಳೆಯ ಉಡುಪು ಇರಲಿಲ್ಲ. 1841ರಲ್ಲಿ ಬಂದ ‘ಜಿಸೆಲ್’ನ ಎರಡನೇ ಅಂಕದಲ್ಲೂ ಇದೇ ಬಿಳಿ ಲಂಗಗಳ ಸಾಲು.

ಆದರೆ ತಾಲ್ಯೋನಿ ಅಂದು ತನ್ನ ಉಡುಪನ್ನು ‘ಟುಟು’ ಎಂದು ಕರೆದಿರಲು ಸಾಧ್ಯವಿಲ್ಲ. ಫ್ರೆಂಚ್ ನಿಘಂಟುಗಳು ಈ ಪದಕ್ಕೆ ಕೊಡುವ ಕಾಲ 1880ರ ಆಸುಪಾಸು. ಅಂದರೆ ಸುಮಾರು ಐವತ್ತು ವರ್ಷ ಆದಮೇಲೆ ಹುಟ್ಟಿದ ಹೆಸರನ್ನು ಹಿಂದಕ್ಕೆ ಎಳೆದು ಹಳೆಯ ಲಂಗಕ್ಕೂ ಅಂಟಿಸಿದ್ದಾರೆ. ಇಂಗ್ಲಿಷ್ ಬರಹಗಳಲ್ಲಿ ಇದು ಎಷ್ಟು ರೂಢಿಯಾಗಿದೆ ಅಂದರೆ ಯಾರೂ ಗಮನಿಸುವುದೇ ಇಲ್ಲ. ನಾವು ಕನ್ನಡದಲ್ಲಿ ಹೊಸದಾಗಿ ಬರೆಯುವಾಗ ಅದೇ ಗೊಂದಲವನ್ನು ಯಾಕೆ ತರಬೇಕು?

ಪದದ ಮೂಲವೂ ಇದೇ ಮಾತಿಗೆ ಬಲ ಕೊಡುತ್ತದೆ. ನಿಘಂಟುಗಳಲ್ಲಿ ಜಾಸ್ತಿ ಕಾಣುವ ವಿವರಣೆ ಇದು: ಫ್ರೆಂಚಿನಲ್ಲಿ ಕುಂಡಿಗೆ ‘ಕ್ಯು’ ಎನ್ನುತ್ತಾರೆ. ಮಕ್ಕಳೊಡನೆ ಆಡುವಾಗ ಅದು ‘ಕ್ಯುಕ್ಯು’ ಆಗುತ್ತದೆ. ಅದೇ ತೊದಲಿ ‘ತ್ಯುತ್ಯು’ ಆಯಿತು. ನಮ್ಮಲ್ಲೂ ಮಕ್ಕಳ ಮಾತಿನಲ್ಲಿ ‘ಜೋಜೋ’, ‘ಚೀಚೀ’ ಎಂದು ಒಂದೇ ಉಲಿಯನ್ನು ಎರಡು ಸಲ ಹೇಳುತ್ತೇವಲ್ಲ, ಅದೇ ಬಗೆ. ಮೊದಮೊದಲು ಈ ಪದ ಹೊರಗೆ ಕಾಣುವ ಲಂಗವನ್ನೇ ಹೇಳುತ್ತಿರಲಿಲ್ಲ. ಕುಣಿಯುವವರು ಒಳಗೆ ಹಾಕಿಕೊಳ್ಳುತ್ತಿದ್ದ ಚಡ್ಡಿಯಂಥ ಒಳ ಉಡುಪಿನ ಹೆಸರಾಗಿತ್ತು. ಲಂಗ ಗಿಡ್ಡವಾಗಿ, ಒಳಗಿನ ಚಡ್ಡಿ ಹೊರಗೆ ಕಾಣತೊಡಗಿ, ಕೊನೆಗೆ ಎರಡನ್ನೂ ಒಟ್ಟಿಗೆ ಹೊಲಿದಾಗ ಒಳಗಿನದರ ಹೆಸರು ಇಡೀ ಉಡುಪಿಗೆ ನಿಂತಿತು. ನೆಟ್ ಬಟ್ಟೆಯ ಫ್ರೆಂಚ್ ಹೆಸರಾದ ‘ತ್ಯುಲ್’ನಿಂದ ಬಂತು ಅನ್ನುವವರೂ ಇದ್ದಾರೆ. ಕೇಳಲು ಮರ್ಯಾದೆಯ ವಿವರಣೆ. ಆದರೆ ಉಡುಪು ಬೆಳೆದು ಬಂದ ದಾರಿಗೆ ಮೊದಲನೆಯದೇ ಸರಿಯಾಗಿ ಹೊಂದುತ್ತದೆ ಅಂತ ನನ್ನ ಎಣಿಕೆ.

ಲಂಗ ಗಿಡ್ಡವಾದದ್ದು ಒಂದೇ ದಿನದಲ್ಲಲ್ಲ. 1730ರ ದಶಕದ ಹೊತ್ತಿಗೇ ಪ್ಯಾರಿಸ್ಸಿನ ಕುಣಿತಗಾರ್ತಿ ಮರೀ ಕಾಮಾರ್ಗೋ, ತನ್ನ ಚುರುಕು ಹೆಜ್ಜೆಗಳು ಕಾಣಲಿ ಎಂದು ಲಂಗವನ್ನು ಕಣಕಾಲಿನಿಂದ ಮೇಲಕ್ಕೆ ಏರಿಸಿದ್ದಳು ಎನ್ನುತ್ತಾರೆ. ಅವಳ ಕಾಲದವಳೇ ಆದ ಮರೀ ಸಾಲೆ 1734ರಲ್ಲಿ ಲಂಡನ್ನಿನಲ್ಲಿ, ಉಬ್ಬಿ ನಿಲ್ಲಲು ಒಳಗೆ ಚೌಕಟ್ಟು ಇರುತ್ತಿದ್ದ ಲಂಗವನ್ನೇ ಬಿಟ್ಟು, ಸಾದಾ ಮಸ್ಲಿನ್ ಉಟ್ಟು ಕುಣಿದಳು. ಆಮೇಲಿನ ದೊಡ್ಡ ಬದಲಾವಣೆ ತಂದವರು ಇಟಲಿಯ ಕುಣಿತಗಾರ್ತಿಯರು. 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದ ವರ್ಜೀನಿಯಾ ತ್ಸುಕ್ಕಿ, ಅಲ್ಲಿನ ಉದ್ದ ಲಂಗ ಹಾಕಲು ಒಪ್ಪದೆ ಗಿಡ್ಡ ಮಾಡಿಸಿಕೊಂಡಳು. ಹತ್ತು ವರ್ಷ ಬಿಟ್ಟು ಪಿಯೆರೀನಾ ಲೆನ್ಯಾನಿ ‘ಸ್ವಾನ್ ಲೇಕ್’ನಲ್ಲಿ ಒಂದೇ ಕಾಲಿನ ಮೇಲೆ 32 ಗಿರಕಿ ಹೊಡೆದಳು. ಅಂಥ ಕುಣಿತದಲ್ಲಿ ಮಂಡಿ, ತೊಡೆ ಎಲ್ಲ ಕಾಣಲೇಬೇಕು, ಇಲ್ಲದಿದ್ದರೆ ಅವಳ ಕೆಲಸದ ಅರ್ಧ ಬಟ್ಟೆಯೊಳಗೇ ಉಳಿಯುತ್ತದೆ. ಲಂಗವನ್ನು ಕೆಳಕ್ಕೆ ಇಳಿಬಿಡುವ ಬದಲು ಪಕ್ಕಕ್ಕೆ ಚಾಚಿ ನಿಲ್ಲಿಸುವ ‘ಕ್ಲಾಸಿಕಲ್ ಟುಟು’ ಹೀಗೆ ಬೆಳೆಯಿತು.

ಇಲ್ಲಿ ಒಬ್ಬಳ ಹೆಸರು ಬಿಡಲು ನನಗೆ ಮನಸ್ಸಾಗುವುದಿಲ್ಲ. ಎಮ್ಮಾ ಲಿವ್ರಿ, ತಾಲ್ಯೋನಿಯ ಅಚ್ಚುಮೆಚ್ಚಿನ ಶಿಷ್ಯೆ. 1862ರ ನವೆಂಬರ್ 15ರಂದು ಪ್ಯಾರಿಸ್ ಒಪೆರಾದಲ್ಲಿ ತಾಲೀಮು ನಡೆಯುವಾಗ ಅವಳ ಲಂಗಕ್ಕೆ ಗ್ಯಾಸ್ ದೀಪದ ಬೆಂಕಿ ತಗುಲಿತು. ಎಂಟು ತಿಂಗಳು ನರಳಿ, 1863ರ ಜುಲೈನಲ್ಲಿ ತೀರಿಕೊಂಡಳು. ಆಗ ಅವಳಿಗೆ ಇನ್ನೂ ಇಪ್ಪತ್ತು. ಬಟ್ಟೆ ಬೇಗ ಹೊತ್ತಿಕೊಳ್ಳದ ಹಾಗೆ ದ್ರಾವಣದಲ್ಲಿ ಅದ್ದುವ ಕ್ರಮ ಆಗಲೇ ಬಂದಿತ್ತು. ಆದರೆ ಅದ್ದಿದ ಬಟ್ಟೆ ಹಳದಿಯಾಗಿ, ಬಿರುಸಾಗಿ, ತೇಲುವ ಗುಣವನ್ನೇ ಕಳೆದುಕೊಳ್ಳುತ್ತಿತ್ತು. ಅದಕ್ಕೇ ಅವಳು ಬೇಡ ಅಂದಿದ್ದಳು. ಆ ಉಡುಪಿನ ಸುಟ್ಟು ಉಳಿದ ತುಂಡುಗಳು ಇವತ್ತಿಗೂ ಪ್ಯಾರಿಸ್ ಒಪೆರಾದ ಸಂಗ್ರಹದಲ್ಲಿವೆ. 1844ರಲ್ಲಿ ಲಂಡನ್ನಿನಲ್ಲಿ ಕುಣಿತಗಾರ್ತಿ ಕ್ಲಾರಾ ವೆಬ್‌ಸ್ಟರ್ ಸತ್ತದ್ದೂ ಹೀಗೆಯೇ. ಮಕ್ಕಳ ಬರಹದಲ್ಲಿ ಇದು ಬೇಡ ಅಂತ ಕೆಲವರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಬಟ್ಟೆಯ ಚೆಂದಕ್ಕೆ ಆ ಹುಡುಗಿಯರು ಕೊಟ್ಟ ಬೆಲೆ ಮಕ್ಕಳಿಗೂ ತಿಳಿಯಲಿ.

ಈಗ ಪದಕ್ಕೆ ಮರಳುತ್ತೇನೆ. ಕ್ಲಾಸಿಕಲ್ ಟುಟುವಿಗೆ ‘ಗಿಡ್ಡ ಲಂಗ’ ಅಂದರೆ ಯಾಕೆ ಸಾಲದು? ಅದು ಬರೀ ಲಂಗ ಅಲ್ಲವೇ ಅಲ್ಲ. ಮೇಲೆ ರವಿಕೆ, ಸೊಂಟದಿಂದ ಕೆಳಗೆ ಮೈಗೆ ಅಂಟಿ ಕೂರುವ ಒಂದು ಪಟ್ಟಿ, ಅದರ ಕೆಳಗೆ ಚಡ್ಡಿ. ನೆಟ್ ಪದರಗಳನ್ನು ಹೊಲಿಯುವುದು ಆ ಚಡ್ಡಿಗೇ. ಪದರಗಳು ಸಾಮಾನ್ಯವಾಗಿ ಹತ್ತರ ಮೇಲೆಯೇ ಇರುತ್ತವೆ. ಎಲ್ಲಕ್ಕಿಂತ ಕೆಳಗಿನದು ಬೆರಳಗಲ, ಮೇಲಕ್ಕೆ ಹೋದಂತೆ ಅಗಲ ಜಾಸ್ತಿ. ಕೆಳಗಿನ ಗಿಡ್ಡ ಪದರಗಳು ಮೇಲಿನವನ್ನು ಹೊತ್ತು ನಿಲ್ಲಿಸುತ್ತವೆ. ಪದರಗಳು ಚದುರದಂತೆ ನಡುನಡುವೆ ಸಡಿಲವಾಗಿ ದಾರದ ಟಾಕು ಹಾಕುತ್ತಾರೆ. ತೀರಾ ಚಪ್ಪಟೆಯಾಗಿ ನಿಲ್ಲಬೇಕಾದರೆ ಒಳಗೆ ತೆಳುವಾದ ಬಳೆಯೊಂದನ್ನೂ ತೂರಿಸುತ್ತಾರೆ. ಎತ್ತಿಡುವಾಗ ತಲೆಕೆಳಗು ಮಾಡಿ ಇಡಬೇಕು, ಇಲ್ಲದಿದ್ದರೆ ನೆಟ್ ಜೋತುಬೀಳುತ್ತದೆ. ಇಷ್ಟೆಲ್ಲ ಇರುವ ವಸ್ತುವನ್ನು ‘ಲಂಗ’ ಅಂದರೆ ಓದುವ ಹುಡುಗಿಗೆ ತನ್ನ ರೇಷ್ಮೆ ಲಂಗವೇ ಕಣ್ಣಿಗೆ ಬರುತ್ತದೆ.

ಇನ್ನೊಂದು ತೊಡಕು ನಮ್ಮ ಅಂಗಡಿಗಳದ್ದು. ಹುಟ್ಟುಹಬ್ಬಕ್ಕೆ ಮಾರುವ ಎಲಾಸ್ಟಿಕ್ ಸೊಂಟದ ನೆಟ್ ಲಂಗಕ್ಕೂ ಈಗ ‘ಟುಟು’ ಅನ್ನುತ್ತಾರೆ. ಅದರಲ್ಲಿ ಚಡ್ಡಿಯೂ ಇಲ್ಲ, ರವಿಕೆಯೂ ಇಲ್ಲ. ಅದರ ಜೊತೆಗೆ ‘ಬ್ಯಾಲೆ’ ಅನ್ನುವ ಪದವನ್ನೇ ನಾವು ನೃತ್ಯರೂಪಕಕ್ಕೆ ಧಾರಾಳವಾಗಿ ಬಳಸುತ್ತೇವೆ. ಸೀರೆ ಕಚ್ಚೆಯಲ್ಲಿ ಕುಣಿಯುವ ‘ಬ್ಯಾಲೆ’ಯನ್ನು ಬಲ್ಲ ಓದುಗರಿಗೆ ಟುಟು ಎಲ್ಲಿಂದ ಬಂತು ಅನ್ನಿಸಬಹುದು, ಅಲ್ವಾ?

ರಷ್ಯದವರು ಏನು ಮಾಡಿದ್ದಾರೆ ನೋಡಿ. ಅವರು ಫ್ರೆಂಚ್ ಪದವನ್ನು ಬಳಸುವುದು ಕಡಿಮೆ. ಟುಟುವಿಗೆ ‘ಪಾಚ್ಕ’ ಎನ್ನುತ್ತಾರೆ. ಅವರ ದಿನಬಳಕೆಯಲ್ಲಿ ಕಾಗದದ ಕಟ್ಟಿಗೂ ಸಿಗರೇಟಿನ ಪ್ಯಾಕಿಗೂ ಅದೇ ಪದ. ಉದ್ದನೆಯದಕ್ಕೆ ಅವರ ಹೆಸರೇ ಬೇರೆ: ‘ಶೋಪೆನ್ಕ’. ಮಿಖಾಯಿಲ್ ಫೋಕಿನ್ ಸಂಗೀತಗಾರ ಶೋಪೆನ್‌ನ ರಚನೆಗಳಿಗೆ ಕಟ್ಟಿದ ‘ಶೋಪೆನಿಯಾನಾ’ದಲ್ಲಿ ತಾಲ್ಯೋನಿ ಕಾಲದ ಉದ್ದ ಲಂಗವನ್ನು ಮತ್ತೆ ರಂಗಕ್ಕೆ ತಂದ. ಆ ಕುಣಿತದ ಹೆಸರೇ ಉಡುಪಿಗೂ ಅಂಟಿತು. ಎರಡು ಬೇರೆ ಉಡುಪು, ಎರಡು ಬೇರೆ ಪದ. ನನಗೆ ಇದು ತುಂಬಾ ಇಷ್ಟವಾಯಿತು. ನಾವೂ ಉದ್ದನೆಯದನ್ನು ‘ತೇಲು ಲಂಗ’ ಅನ್ನಬಹುದೇನೋ.

ಬಗೆಗಳ ಹೆಸರಿಗೆ ನನ್ನ ಕರಡು ಹೀಗಿದೆ. ಚಪ್ಪಟೆಯಾಗಿ ನಿಲ್ಲುವ, ಇಂಗ್ಲಿಷರು ‘ಪ್ಯಾನ್‌ಕೇಕ್’ ಎನ್ನುವುದಕ್ಕೆ ‘ತಟ್ಟೆ ಟುಟು’. ಎಡ್ಗರ್ ದೆಗಾನ ಚಿತ್ರಗಳಲ್ಲಿ ಕಾಣುವ, ತುಸು ಇಳಿಬಿದ್ದ ಬಗೆಗೆ ‘ಗಂಟೆ ಟುಟು’. (ದೆಗಾ 1881ರಲ್ಲಿ ಪ್ರದರ್ಶಿಸಿದ ಹದಿನಾಲ್ಕರ ಹುಡುಗಿಯ ಮೇಣದ ಶಿಲ್ಪಕ್ಕೆ ನಿಜವಾದ ಬಟ್ಟೆಯ ಲಂಗವನ್ನೇ ತೊಡಿಸಿದ್ದ. ಪದ ಹುಟ್ಟಿದ್ದೂ ಅದೇ ಸುಮಾರಿನಲ್ಲಿ.) ನಾನು ಸಿಕ್ಕಿಹಾಕಿಕೊಂಡಿರುವುದು ‘ಪೌಡರ್ ಪಫ್’ ಎಂಬ ಬಗೆಯಲ್ಲಿ. ಅದು ರಂಗದ ಉಡುಪು ರೂಪಿಸುತ್ತಿದ್ದ ಬಾರ್ಬರಾ ಕರಿನ್ಸ್ಕಾ 1950ರಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆ ತಂಡಕ್ಕಾಗಿ ಮಾಡಿದ್ದು. ರಂಗದ ತುಂಬ ಕುಣಿಯುವವರು ಒಟ್ಟಿಗೆ ನಿಂತಾಗ ಬಳೆಯಿದ್ದ ಟುಟುಗಳು ಒಂದಕ್ಕೊಂದು ತಾಗಿ ಎದ್ದೆದ್ದು ಬೀಳುತ್ತಿದ್ದವು. ಆಕೆ ಬಳೆಯನ್ನೇ ತೆಗೆದು, ಪದರಗಳನ್ನು ಕಡಿಮೆ ಮಾಡಿ, ಮೆತ್ತಗೆ ಇಳಿಯುವಂತೆ ಮಾಡಿದಳು. ‘ಮೆತ್ತನೆ ಟುಟು’ ಅಂದರೆ ನಡೆದೀತೇ?

ಬರೆಯುವ ರೀತಿಯ ಬಗ್ಗೆಯೂ ಒಂದು ಮಾತು. ಫ್ರೆಂಚ್ ಉಲಿಗೆ ‘ತ್ಯುತ್ಯು’ ಹತ್ತಿರ. ಆದರೆ ಅದನ್ನು ಸುಲಭ ಮಾಡಿ ‘ತುತು’ ಅಂತ ಬರೆದರೆ ಓದುವವರು ‘ತುತ್ತು’ ಎಂದು ಎಡವುತ್ತಾರೆ. ಬಾಯಿರೂಢಿಯಲ್ಲಿ ಈಗಾಗಲೇ ‘ಟುಟು’ ಇದೆ, ಅದೇ ಇರಲಿ ಅನ್ನಿಸುತ್ತದೆ.

ನಾಟಕ, ಯಕ್ಷಗಾನಗಳ ಉಡುಪು ಹೊಲಿಯುವವರನ್ನು ಬಲ್ಲವರು ಈ ಗುಂಪಿನಲ್ಲಿ ಇದ್ದೀರಿ. ರವಿಕೆಗೂ ಲಂಗಕ್ಕೂ ನಡುವೆ, ಸೊಂಟದಿಂದ ಪಿರ್ರೆಯವರೆಗೆ ಬಿಗಿಯಾಗಿ ಕೂರುವ ಆ ಪಟ್ಟಿಗೆ ಹೊಲಿಗೆಯವರ ಬಾಯಲ್ಲಿ ಏನಾದರೂ ಹೆಸರಿದೆಯೇ? ‘ನಡುಪಟ್ಟಿ’ ಅಂದರೆ ಒಡವೆಯೋ ಬೆಲ್ಟೋ ಅನ್ನಿಸಿಬಿಡುತ್ತದೆ. ಉತ್ತರ ಕರ್ನಾಟಕದ, ಕರಾವಳಿಯ ಪದಗಳಿದ್ದರೆ ಅವನ್ನೂ ದಯವಿಟ್ಟು ತಿಳಿಸಿ.