ಪದಚರ್ಚೆ: ಟ್ರಾಲ್ ಬಲೆ ಮೀನನ್ನು ‘ಸೋವುತ್ತದೆ’ ಅನ್ನಬಹುದೇ?

ಗೆಳೆಯರೇ,

ಕಾರವಾರದ ಹೈಸ್ಕೂಲು ಮಕ್ಕಳಿಗಾಗಿ ಬಲೆಗಳ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆಯುತ್ತಿದ್ದೇನೆ. ಟ್ರಾಲ್ ಬಲೆಯ, ಅಂದರೆ ಬೋಟು ಹಿಂದೆ ಎಳೆದೊಯ್ಯುವ ಚೀಲದಂಥ ಬಲೆಯ ಪುಟದಲ್ಲಿ ಒಂದು ಕ್ರಿಯಾಪದಕ್ಕಾಗಿ ಬರವಣಿಗೆ ನಿಂತಿದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಹರ್ಡಿಂಗ್’ ಅನ್ನುತ್ತಾರೆ.

ಮೊದಲು ನೀರಿನಡಿ ಆಗುವುದೇನು ಅಂತ ಹೇಳುತ್ತೇನೆ. ಟ್ರಾಲ್ ಬಲೆ ಎದುರಿಗೆ ಸಿಕ್ಕಿದ ಮೀನನ್ನೆಲ್ಲ ಬಾಚಿಕೊಂಡು ಹೋಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಅಷ್ಟೇ ಅಲ್ಲ. ಬಲೆಯ ಬಾಯಿ ಅಗಲವಾಗಿ ತೆರೆದಿರಲಿ ಅಂತ ಎರಡೂ ಪಕ್ಕ ಭಾರದ ಬೋರ್ಡು ಕಟ್ಟಿರುತ್ತಾರೆ. ಅವು ತಳದ ಕೆಸರು ಎಬ್ಬಿಸುತ್ತಾ ಸಾಗುತ್ತವೆ. ಆ ಕೆಸರು, ಎಳೆಯುವ ಹಗ್ಗ ಕಂಡ ಮೀನು ಪಕ್ಕಕ್ಕೆ ಸರಿಯುತ್ತದೆ. ಎರಡೂ ಕಡೆಯಿಂದ ಸರಿದ ಮೀನು ಸೇರುವುದು ನಡುವೆ, ಬಲೆಯ ಬಾಯಿಯ ಮುಂದೆ. ಅಲ್ಲೂ ತಕ್ಷಣ ಒಳಗೆ ಹೋಗುವುದಿಲ್ಲ. ಬೋಟು ಹೋಗುವ ದಿಕ್ಕಿಗೇ ಮುಖ ಮಾಡಿ, ಬಲೆಯಷ್ಟೇ ವೇಗದಲ್ಲಿ ಈಜುತ್ತದೆ.

ಎಷ್ಟು ಹೊತ್ತು? ಬೋಟು 3 ನಾಟ್ ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 1.5 ಮೀಟರ್ ಆಯಿತು. 20 ಸೆಂ.ಮೀ. ಮೀನು ಪ್ರತಿ ಸೆಕೆಂಡಿಗೂ ತನ್ನ ಮೈಯುದ್ದದ ಏಳೂವರೆ ಪಟ್ಟು ದೂರ ಈಜಬೇಕು. ಬಂಗುಡೆ ಕೊಯ್ದವರು ನೋಡಿರುತ್ತೀರಿ, ಚರ್ಮದಡಿ ಪಕ್ಕೆಯ ನಡುವೆ ಉದ್ದಕ್ಕೂ ಕಪ್ಪುಗೆಂಪು ಮಾಂಸದ ಪಟ್ಟಿ ಇರುತ್ತದೆ. ಸಮವೇಗದಲ್ಲಿ ತುಂಬಾ ಹೊತ್ತು ಈಜಲು ದುಡಿಯುವುದು ಅದೇ. ಉಳಿದ ತಿಳಿ ಬಣ್ಣದ ಮಾಂಸ ಜೋರಾಗಿ ಚಿಮ್ಮುವುದಕ್ಕೆ. ಅದಕ್ಕೆ ಬಲ ಜಾಸ್ತಿ, ದಣಿವೂ ಬೇಗ. ದಣಿದ ಮೀನು ಹಿಂದೆ ಬಿದ್ದು ಬಲೆಯ ಚೀಲ ಸೇರುತ್ತದೆ. ಒಂದೇ ಜಾತಿಯಲ್ಲಿ ದೊಡ್ಡ ಮೀನು ಹೆಚ್ಚು ಹೊತ್ತು ತಾಳುತ್ತದೆ. ಬಲೆ ಎತ್ತುವ ತನಕ ತಾಳಿ ತಪ್ಪಿಸಿಕೊಳ್ಳುವುದೂ ಉಂಟು.

ಈಗ ಪದಕ್ಕೆ ಬರೋಣ. ‘ಹಿಂಡುಗೂಡಿಸು’ ಅಂತ ಒಬ್ಬರು ಸೂಚಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಬಂಗುಡೆ, ತಾರ್ಲಿ ಮೊದಲೇ ಹಿಂಡಾಗಿರುತ್ತವೆ, ಬಲೆ ಗೂಡಿಸುವುದೇನಿದೆ? ‘ಅಟ್ಟು’ ಹತ್ತಿರದ ಪದ, ಆದರೆ ಅದರಲ್ಲಿ ಓಡಿಸಿಬಿಡುವ ಅರ್ಥವೇ ಮುಂದೆ ನಿಲ್ಲುತ್ತದೆ. ಘಟ್ಟದ ಮೇಲಿನ ಬೇಟೆಯ ಮಾತಿನಲ್ಲಿ ‘ಹಳು ಸೋವುವುದು’ ಅಂತ ಇದೆಯಲ್ಲ (ಹಳು ಅಂದರೆ ಪೊದೆಗಾಡು), ನನ್ನ ಮನಸ್ಸು ಅದರ ಕಡೆಗಿದೆ. ಸೋವುವವರು ಪ್ರಾಣಿಯನ್ನು ಮುಟ್ಟುವುದಿಲ್ಲ. ಗದ್ದಲ ಎಬ್ಬಿಸುತ್ತಾರೆ, ಬೆದರಿದ ಪ್ರಾಣಿ ತಾನಾಗಿಯೇ ಬೇಟೆಗಾರ ಕಾದಿರುವ ಕಡೆ ಬರುತ್ತದೆ. ಬೋರ್ಡು, ಹಗ್ಗ ಮಾಡುವುದೂ ಇದನ್ನೇ ಅಲ್ವಾ? ಶಿರಸಿ, ಸಿದ್ದಾಪುರದ ಕಡೆಯವರು ಈ ಪದ ಈಗಲೂ ಬಳಕೆಯಲ್ಲಿದೆಯೇ ಅಂತ ದಯವಿಟ್ಟು ತಿಳಿಸಿ.

ಈ ಪದ ಎಲ್ಲ ಕಡೆ ಹೊಂದುವುದಿಲ್ಲ ಅನ್ನುವುದೂ ನನಗೆ ಮುಖ್ಯ. ಶೆಟ್ಲಿಯನ್ನು (ಸೀಗಡಿಯನ್ನು) ಹೀಗೆ ಸೋವಲು ಆಗುವುದಿಲ್ಲ. ಅದು ಬಾಲ ಮಡಚಿ ಹಿಂದಕ್ಕೆ ಚಿಮ್ಮುತ್ತದೆ, ಬೇಗ ಸುಸ್ತಾಗುತ್ತದೆ. ಅಲ್ಲಿ ‘ಬಾಚು’ ಅಂದರೆ ಸರಿ. ಕತ್ತಲಲ್ಲಿ ಮೀನಿಗೆ ಹಗ್ಗವೂ ಕಾಣದು, ಬಲೆಯೂ ಕಾಣದು. ಹಾಗಾಗಿ ಹಗಲಿನಂತೆ ಸಾಲಾಗಿ ಈಜದೆ ಚೆಲ್ಲಾಪಿಲ್ಲಿಯಾಗುತ್ತದೆ. ಇನ್ನು ನೀರಿನಲ್ಲಿ ಗೋಡೆಯಂತೆ ಇಳಿಬಿಡುವ ಗಿಲ್‌ನೆಟ್‌ನಲ್ಲಿ ಯಾರೂ ಬೆದರಿಸುವುದೇ ಇಲ್ಲ. ಕಾಣದ ಬಲೆಯ ಕಣ್ಣಿನೊಳಗೆ ಮೀನು ತಾನೇ ತಲೆ ತೂರಿಸುತ್ತದೆ, ಹಿಂದೆ ಸರಿಯಲು ಹೋದಾಗ ಕಿವಿರು ಸಿಕ್ಕಿಕೊಳ್ಳುತ್ತದೆ. ಇವೆಲ್ಲಕ್ಕೂ ಸುಮ್ನೆ ‘ಬಲೆಗೆ ಬಿತ್ತು’ ಅಂತ ಬರೆದರೆ ಮಕ್ಕಳಿಗೆ ಮೀನಿನ ಈಜು ಅರ್ಥವಾಗುವುದಿಲ್ಲ.

ಮಾಜಾಳಿಯಿಂದ ಭಟ್ಕಳದವರೆಗೆ ಬೋಟಿನ ಕೆಲಸ ಬಲ್ಲವರು, ಅವರ ಮನೆಯವರು ಇಲ್ಲಿದ್ದರೆ ಇನ್ನೊಂದು ಪ್ರಶ್ನೆ. ಮೀನು ಸೋಲುವ ಮುಂಚೆ ಬಲೆಯ ಬಾಯಿಯ ಮುಂದೆ ಸಮವೇಗದಲ್ಲಿ ಈಜುತ್ತದಲ್ಲ, ಆ ಹಂತಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ಕೊಂಕಣಿ ಪದವಾದರೂ ಆಗಬಹುದು. ಪದದ ಜೊತೆ ಅದು ಯಾವ ಊರಿನದು, ಯಾವ ಬಲೆಗೆ ಹೇಳುವುದು ಅಂತಲೂ ಬರೆಯಿರಿ.