ಅಪ್‌ಡೇಟ್: ಕಡತ ಸಿಕ್ಕಿತು, ಬೂಷ್ಟು ಸಮೇತ

ಮಡಿಕೇರಿ ಕಡೆಯ ಒಂದು ಪಂಚಾಯ್ತಿ ಕಚೇರಿಯಲ್ಲಿ ಗುಮಾಸ್ತ ನಾನು. 2011ರ ರಸ್ತೆ ಕಾಮಗಾರಿಯ ಕಡತ ಕೇಳಿ ಮಾಹಿತಿ ಹಕ್ಕಿನ ಅರ್ಜಿ ಬಂದಿತ್ತು. ಕಡತ ಮಾತ್ರ ಕಾಣೆ. ‘ಲಭ್ಯವಿಲ್ಲ’ ಅಂತ ಬರೆದು ಕೈತೊಳೆದುಕೊಳ್ಳಲೇ ಎಂದು ಹೋದ ತಿಂಗಳು ಇಲ್ಲಿ ಕೇಳಿದ್ದೆ. ಬೇಡ, ಮೊದಲು ಸರಿಯಾಗಿ ಹುಡುಕಿ ಎಂದು ನೀವೆಲ್ಲ ಹೇಳಿದಿರಿ.

ಹುಡುಕಿದೆ. ಸಿಕ್ಕಿತು! ಬೀರುವಿನ ಹಿಂದೆ, ಯಾವುದೋ ವರ್ಷದ ತೆರಿಗೆ ರಿಜಿಸ್ಟರ್‌ಗಳ ಕಟ್ಟಿನೊಳಗೆ. ನಮ್ಮ ಮಳೆಗಾಲ ಗೊತ್ತಲ್ವಾ, ಗೋಡೆಯೇ ಬೆವರುತ್ತದೆ. ಅಂಚೆಲ್ಲ ಬೂಷ್ಟು, ನಾಲ್ಕು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಎಳೆಯಲು ಹೋಗಲಿಲ್ಲ. ಫ್ಯಾನ್ ಕೆಳಗೆ ಎರಡು ದಿನ ಹರವಿಟ್ಟೆ. (ಒಲೆ ಹತ್ತಿರ ಇಡಿ ಎಂದ ಸಹೋದ್ಯೋಗಿಗೆ ದೂರದಿಂದಲೇ ಕೈಮುಗಿದೆ.) ಅರ್ಜಿಗೆ ಉತ್ತರ ಕೊಡುವ 30 ದಿನದ ಗಡುವಿಗೆ ಇನ್ನೂ ಐದು ದಿನ ಇತ್ತು. ಪುಟಕ್ಕೆ 2 ರೂಪಾಯಿಯಂತೆ ಕಟ್ಟಿಸಿಕೊಂಡು ನಕಲು ಕೊಟ್ಟೆವು. ಗಡುವು ಮೀರಿದ್ದರೆ ಪುಕ್ಕಟೆ ಕೊಡಬೇಕಿತ್ತು.

ಆಮೇಲೆ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಓದಿದೆ. ನಿಜಕ್ಕೂ ನಾಚಿಕೆ ಆಯಿತು. ಕಡತಗಳನ್ನು ಪಟ್ಟಿ ಮಾಡಿ, ಕೇಳಿದಾಗ ಸಿಗುವ ಹಾಗೆ ಇಡುವುದು ಅರ್ಜಿ ಬಂದ ಮೇಲೆ ಮಾಡುವ ಕೆಲಸವೇ ಅಲ್ಲ. ಜೊತೆಗೆ 17 ಬಗೆಯ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ನಮ್ಮ ಬೋರ್ಡಿನಲ್ಲಿ ಇದ್ದದ್ದು ಮಾಹಿತಿ ಅಧಿಕಾರಿಯ ಹೆಸರೊಂದೇ, ಅದೂ ವರ್ಗವಾಗಿ ಹೋದವರದ್ದು.

ಈಗ ವರ್ಷ, ವಿಷಯ, ಕಪಾಟಿನ ನಂಬರ್ ಬರೆದು ಒಂದು ಪಟ್ಟಿ ಶುರು ಮಾಡಿದ್ದೇನೆ. ಕಪಾಟಿನ ಕೆಳಗಿನ ಖಾನೆ ಖಾಲಿ ಬಿಟ್ಟಿದ್ದೇನೆ, ನೆಲದ ತೇವ ಜಾಸ್ತಿ. ಮೂರು ಕಪಾಟು ಮುಗಿಯಿತು. ಉಳಿದದ್ದು ನಮ್ಮ ಕೊಡಗಿನ ಕೈಲ್ ಪೋಳ್ದ್ ಹಬ್ಬ ಕಳೆದ ಮೇಲೆ, ಬಿಸಿಲು ಬಂದರೆ.