ಅಜ್ಜನ ವರ್ಷಾಂತಿಕ: ಮೊಮ್ಮಕ್ಕಳ ಪಾಲಿಗೆ ಏನಿದೆ?

ಪ್ರಶ್ನೆ: ನಮ್ಮ ಅಜ್ಜ ತೀರಿಕೊಂಡು ಬರುವ ಭಾದ್ರಪದಕ್ಕೆ ವರ್ಷ ತುಂಬುತ್ತದೆ. ಮನೆಮಂದಿ, ದೇವರ ಪೂಜೆ, ತೋಟ ಮತ್ತು ಬೆಟ್ಟ, ಇಷ್ಟೇ ಅವರ ಲೋಕವಾಗಿತ್ತು. ಶ್ರಾದ್ಧವನ್ನು ದೊಡ್ಡಪ್ಪ ಮತ್ತು ಅಪ್ಪ ನಡೆಸುತ್ತಾರೆ. ಊರಿನಿಂದ ದೂರವಿರುವ ಮೊಮ್ಮಕ್ಕಳು ನಾವೇನು ಮಾಡಬಹುದೆಂದು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಸಾಗರದಿಂದ: ತರ್ಪಣದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರಿನ ಹೆಸರು ಹೇಳುತ್ತಾರಾದರೂ, ತಂದೆ ಇರುವವರು ಪಿತೃತರ್ಪಣ ಬಿಡುವ ರೂಢಿ ನಮ್ಮಲ್ಲಿಲ್ಲ. ಆದ್ದರಿಂದ ಮೊಮ್ಮಕ್ಕಳ ಸ್ಮರಣೆ ದೇವರ ಕೋಣೆಯಿಂದ ಹೊರಗೆ, ಅಜ್ಜ ಓಡಾಡಿದ ಜಾಗದಲ್ಲೇ ನಡೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಅಜ್ಜನಿಗೆ ಹೊಳೆದಂಡೆಯ ಒಂದು ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆಮಾವು) ಮರದ ಮೇಲೆ ವಿಶೇಷ ಪ್ರೀತಿಯಿತ್ತು. ಮಿಡಿಯ ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ನಮ್ಮ ಮೂಗಿನ ಹತ್ತಿರ ಹಿಡಿದು, ಜೀರಿಗೆಯ ಪರಿಮಳ ಬಂತೇ ಎಂದು ಕೇಳುತ್ತಿದ್ದರು. ಮೊದಲ ಕೊಯ್ಲಿನ ಮಿಡಿ ದೇವರ ಮುಂದಿಟ್ಟ ಮೇಲೆಯೇ ಉಪ್ಪಿನ ಭರಣಿಗೆ ಇಳಿಯುತ್ತಿತ್ತು. ಬೀಜದಿಂದ ಎದ್ದ ಗಿಡಕ್ಕೆ ತಾಯಿಮರದ ಗುಣ ಬರುತ್ತದೆಂಬ ಖಾತರಿ ಇಲ್ಲದ ಕಾರಣ, ಅಜ್ಜ ತೀರಿಕೊಂಡ ವರ್ಷದ ಮಳೆಗಾಲದಲ್ಲಿ ಆ ಮರದ ಕುಡಿಗಳನ್ನು ತಂದು, ಬಲ್ಲವರಿಂದ ಕಸಿ ಕಟ್ಟಿಸಿ, ಚಿಗುರಿದ ಗಿಡಗಳನ್ನು ಮರುವರ್ಷದ ಮುಂಗಾರಿನಲ್ಲಿ ಅತ್ತೆಯಂದಿರ ಮತ್ತು ಚಿಕ್ಕಪ್ಪಂದಿರ ಮನೆಯ ಹಿತ್ತಿಲುಗಳಲ್ಲಿ ನೆಟ್ಟೆವು. ಹಳೆಯ ಮರ ಬಿದ್ದರೂ ಅದರ ತಳಿ ಮನೆತನದಲ್ಲಿ ಉಳಿಯುತ್ತದೆ. ನಿಮ್ಮಲ್ಲಿಯೂ ಅಂಥ ಮರವಿದ್ದರೆ ಈ ಮಳೆಗಾಲವನ್ನು ಕಳೆದುಕೊಳ್ಳಬೇಡಿ.

ಶಿರಸಿಯಿಂದ: ಮೇಲಿನವರ ಮಾತನ್ನು ಒಪ್ಪುತ್ತೇನೆ. ಅದರೊಂದಿಗೆ ಅಜ್ಜನ ಹಳೆಯ ಪಂಚಾಂಗಗಳನ್ನು ಹುಡುಕಿ ನೋಡಿ, ರದ್ದಿಗೆ ಹೋಗಲು ಬಿಡಬೇಡಿ. ನಮ್ಮ ಅಜ್ಜ ಪುಟದ ಅಂಚಿನಲ್ಲಿ ‘ಆರಿದ್ರೆ ಮಳೆ ಹಿಡಿಯಿತು’, ‘ಅಡಿಕೆಗೆ ಕೊಳೆ ಔಷಧಿ ಹೊಡೆದು ಮುಗಿಯಿತು’, ‘ಗೌರಿ ಕರು ಹಾಕಿತು’ ಎಂದು ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದರು. ಏಕಾದಶಿಯ ಉಪವಾಸದ ಗುರುತಿನ ಪಕ್ಕದಲ್ಲೇ ನನ್ನ ತಂಗಿ ಹುಟ್ಟಿದ ಗಳಿಗೆಯೂ ಇತ್ತು. ಮನೆ, ದೇವರು, ತೋಟ ಮೂರೂ ಅವರಿಗೆ ಬೇರೆಬೇರೆಯಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ. ನಾವು ಆ ಪುಟಗಳ ಚಿತ್ರ ತೆಗೆದು, ವರ್ಷವಾರು ಜೋಡಿಸಿ, ಒಂದೊಂದು ಪ್ರತಿಯನ್ನು ವರ್ಷಾಂತಿಕಕ್ಕೆ ಬಂದ ನೆಂಟರಿಗೆ ಕೊಟ್ಟೆವು. ಓದಲಾಗದ ಅಕ್ಷರಗಳನ್ನು ಅಜ್ಜಿಯ ಹತ್ತಿರ ಕುಳಿತು ಓದಿಸಿಕೊಳ್ಳಿ. ಅಜ್ಜನ ಜೊತೆ ಬೆಟ್ಟಕ್ಕೆ ಸೊಪ್ಪಿಗೆ ಹೋಗುತ್ತಿದ್ದ ಹಳೆಯ ಆಳುಗಳಿದ್ದರೆ ಅವರನ್ನೂ ಕೇಳಿ. ಯಾವ ಉಪ್ಪಾಗೆ ಮರದಡಿ ದಣಿವಾರಿಸಿಕೊಳ್ಳುತ್ತಿದ್ದರು, ಯಾವ ಒರತೆಯ ನೀರು ಕುಡಿಯುತ್ತಿದ್ದರು ಎಂಬುದು ಮಕ್ಕಳಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ತೀರ್ಥಹಳ್ಳಿಯವರು, ಈಗ ಬೆಂಗಳೂರಿನಿಂದ: ದೂರದಲ್ಲಿರುವವರಿಗೆ ಒಂದು ಮಾತು. ಶ್ರಾದ್ಧದ ದಿನ ರಜೆ ಸಿಗದಿದ್ದರೂ ಆಶ್ವಯುಜದ ಭೂಮಿ ಹುಣ್ಣಿಮೆಗೆ ಊರಿಗೆ ಹೋಗಿ. ಭೂಮಿತಾಯಿಗೆ ಬಯಕೆಯೂಟ ಬಡಿಸುವ ಆ ಹಬ್ಬ ನಮ್ಮ ಅಜ್ಜನಿಗೆ ಅಚ್ಚುಮೆಚ್ಚಾಗಿತ್ತು, ಎಡೆಯ ಬುಟ್ಟಿಯನ್ನು ಕೊನೆಯವರೆಗೂ ಬೇರೆಯವರ ಕೈಗೆ ಕೊಟ್ಟವರಲ್ಲ. ಈಗ ಅದನ್ನು ಮೊಮ್ಮಕ್ಕಳು ಸರದಿಯಂತೆ ಹೊರುತ್ತೇವೆ, ಈ ವರ್ಷ ನನ್ನ ಮಗಳ ಸರದಿ.